ಬಾಯಿಗೆ ಅಡ್ಡ ಬಂದ ಕೈ: ಮೂರನೇ ತರಗತಿಯ ಒಂದು ಪ್ರಕರಣ

ನಾನು ಮೊದಲು ಗಮನಿಸಿದ್ದು ಆ ಕೂಸಿನ ಎಡಗೈ. ಬರೆಯುವಾಗ ಬಲಗೈ ಪುಸ್ತಕದ ಮೇಲೆ, ಎಡಗೈ ಮೂಗಿನ ಕೆಳಗೆ. ಓದುವಾಗ ಪುಸ್ತಕವೇ ಮುಖಕ್ಕೆ ಅಂಟಿಕೊಂಡಿರುತ್ತಿತ್ತು. ಬಿಸಿಯೂಟಕ್ಕೆ ಕೂತರೆ ಗೋಡೆ ಕಡೆ ಮುಖ. ಹಲ್ಲು ನೋವಿರಬೇಕು ಅಂತ ಎರಡು ದಿನ ಅಂದುಕೊಂಡೆ. ಕೇಳಿದರೆ ಇಲ್ಲ ಅಂತ ತಲೆ ಅಲ್ಲಾಡಿಸಿದಳು, ಕೈ ತೆಗೆಯದೆಯೇ.

ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ನನ್ನ ಕೋಣೆಯಲ್ಲಿ ಒಟ್ಟಿಗೆ ಕೂರುತ್ತಾರೆ. ಇದು 2024-25ನೇ ಸಾಲಿನ ಪ್ರಕರಣ. ಕೂಸಿನ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ತಾಯಿಯನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ತರಬೇತಿಯಲ್ಲಿ ಪ್ರಕರಣ ಅಧ್ಯಯನ ಬರೆಯಿರಿ ಅಂದಾಗ ನಾವು ಓದು ಬಾರದ ಮಗು, ಶಾಲೆ ತಪ್ಪಿಸುವ ಮಗು, ಇಂಥವರನ್ನೇ ಆರಿಸಿಕೊಳ್ಳುತ್ತೇವೆ. ಈ ಕೂಸಿಗೆ ಓದು ಚೆನ್ನಾಗಿ ಬರುತ್ತಿತ್ತು. ಆದರೂ ಮೂರು ತಿಂಗಳು ಒಂದು ಸಾಲನ್ನೂ ಗಟ್ಟಿಯಾಗಿ ಓದಲಿಲ್ಲ. ಕಾರಣ, ಮೇಲ್ತುಟಿಯ ಮೇಲಿದ್ದ ಕಪ್ಪು ಕೂದಲು.

ಆಗ ಅವಳಿಗೆ 8 ವರ್ಷ. ಅಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವ್ವ ಭತ್ತದ ಗದ್ದೆಗೆ ನಾಟಿ ಹಚ್ಚಲು ಹೋಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಇಲ್ಲಿನ ತಾಯಂದಿರು ಬೆಳಗಿನ ಆರಕ್ಕೇ ಗದ್ದೆಯಲ್ಲಿರುತ್ತಾರೆ. ಮಕ್ಕಳ ತಲೆ ಬಾಚುವುದು, ಮುಖ ತೊಳೆಸುವುದು ಎಲ್ಲ ಅಜ್ಜಿಯರ ಪಾಲು. ಈ ಮನೆಯಲ್ಲೂ ಹಾಗೆಯೇ. ಕೂಸಿಗೆ ಹುಬ್ಬು ದಟ್ಟ, ಎರಡೂ ಹುಬ್ಬು ನಡುವೆ ಕೂಡಿಕೊಂಡಿವೆ. ಕಿವಿಯ ಮುಂದೆ ಕೆನ್ನೆವರೆಗೆ ನವಿರು ಕೂದಲು. ಮುಂಗೈ ಮೇಲೂ ಇದೆ. ಹತ್ತಿರ ಕೂತರೆ ಕಾಣುತ್ತದೆ, ಅಷ್ಟೆ. ನಮ್ಮ ಕಡೆ ಇಂಥ ಮಕ್ಕಳು ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಇರುತ್ತಾರೆ.

ಹಾಲಿನ ದಿನ

ನಮ್ಮ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಾರೆ. ಹಾಲಿನ ಪುಡಿ ಕಲಸಿ ಕಾಯಿಸಿದ 150 ಮಿಲಿಲೀಟರ್ ಬಿಸಿ ಹಾಲು. ಮಕ್ಕಳು ಗಟಗಟ ಕುಡಿದರೆ ಮೇಲ್ತುಟಿಗೆ ನೊರೆ ಅಂಟುತ್ತದೆ. ಎಲ್ಲರಿಗೂ ಅಂಟುತ್ತದೆ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಈ ಕೂಸು ಲೋಟ ಇಳಿಸಿದಾಗ ಎದುರಿಗಿದ್ದ ಹುಡುಗ ಕೂಗಿದ.

"ಏ ನೋಡ್ರಲೇ, ಇಕಿ ಮೀಸಿ ಬೆಳ್ಳಗಾಗ್ಯಾವ!"

ನಾಲ್ಕೈದು ಮಕ್ಕಳು ನಕ್ಕರು. ಕೂಸು ಲಂಗದ ಅಂಚಿನಿಂದ ಬಾಯಿ ಒರೆಸಿಕೊಂಡಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು. ಮರುದಿನದಿಂದ ಹಾಲು ಬೇಡ ಅಂದಳು. ಹೊಟ್ಟೆ ನೋವು ಅಂದಳು. ನಾನು ನಂಬಿದೆ.

ಕಾರಣ ಗೊತ್ತಾಗಿದ್ದು ಒಂದು ವಾರದ ಮೇಲೆ, ಇನ್ನೊಬ್ಬ ಹುಡುಗಿ ಬಂದು ಹೇಳಿದಾಗ. ಆಗ ನಾನು ದೊಡ್ಡ ತಪ್ಪು ಮಾಡಿದೆ. ಸಿಟ್ಟು ಬಂದಿತ್ತು. ಎಲ್ಲ ಮಕ್ಕಳನ್ನೂ ನಿಲ್ಲಿಸಿ ಬೈದೆ. "ಇನ್ನೊಮ್ಮೆ ಯಾರಾದ್ರೂ ಅಕಿಗೆ ಮೀಸಿ ಅಂದ್ರ ನೋಡ್ರಿ!" ಅಂದೆ. ಅವಳ ಕಡೆ ಕೈ ತೋರಿಸಿಯೇ ಅಂದೆ. ಅಲ್ಲಿಯವರೆಗೆ ನಾಲ್ಕೈದು ಮಕ್ಕಳಿಗೆ ಗೊತ್ತಿದ್ದ ಮಾತನ್ನು ನಾನು ಇಡೀ ಕೋಣೆಗೆ ಕಲಿಸಿದೆ. ಬಿಡುವಿನ ವೇಳೆಗೆ ಅದು ಐದನೇ ತರಗತಿ ಮುಟ್ಟಿತ್ತು. ಅವಳ ಪರ ನಿಂತೆ ಅಂತ ನಾನು ತಿಳಿದಿದ್ದೆ. ಅವಳು ಆ ದಿನ ಮನೆಗೆ ಹೋಗಿ, ಶಾಲೆಗೆ ಹೋಗುವುದಿಲ್ಲ ಅಂತ ಹಟ ಹಿಡಿದಳಂತೆ.

ಇದನ್ನು ಬಿಡಿಸಿ ಬರೆಯುತ್ತಿರುವುದು, ನಮ್ಮಲ್ಲಿ ಬಹಳ ಜನ ಶಿಕ್ಷಕರು ಇದನ್ನೇ ಮಾಡುತ್ತೇವೆ ಅಂತ. ಅಣಕಿಸಿದ ಮಗುವನ್ನು ಬದಿಗೆ ಕರೆದು ಮಾತಾಡಬೇಕು. ನೊಂದ ಮಗುವಿನ ಹೆಸರು ಹಿಡಿದು ಸಭೆ ಮುಂದೆ ಬುದ್ಧಿ ಹೇಳಬಾರದು. ಬೈಸಿಕೊಂಡವರು ಸಂಜೆಗೆ ಮರೆಯುತ್ತಾರೆ. ಎಲ್ಲರ ಕಣ್ಣು ತನ್ನ ಮುಖದ ಮೇಲೆ ಬಿದ್ದಿದ್ದನ್ನು ಆ ಮಗು ಮರೆಯುವುದಿಲ್ಲ.

ಸೆಪ್ಟೆಂಬರ್ ಮೊದಲ ವಾರ ಒಂದು ಅವಧಿಯಲ್ಲಿ ಅವಳ ಕೈ ಬಾಯಿಗೆ ಎಷ್ಟು ಸಲ ಹೋಗುತ್ತದೆ ಅಂತ ಸುಮ್ನೆ ಗೆರೆ ಹಾಕುತ್ತಾ ಎಣಿಸಿದೆ. 23 ಸಲ. ಪ್ರತಿಭಾ ಕಾರಂಜಿಗೆ ಕಥೆ ಹೇಳಲು ಹಿಂದಿನ ವರ್ಷ ತಾನಾಗಿ ಹೆಸರು ಕೊಟ್ಟಿದ್ದವಳು ಈ ಸಲ ಕೊಡಲಿಲ್ಲ.

ಮನೆಯಲ್ಲಿ

ತಾಯಿಯನ್ನು ಕಾಣಲು ಸಂಜೆ ಅವರ ಮನೆಗೇ ಹೋದೆ. ಗದ್ದೆಯಿಂದ ಆಗಷ್ಟೇ ಬಂದಿದ್ದರು, ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

"ಅಕ್ಕೋರ, ಕನ್ನಡಿ ಮುಂದ ನಿಂತು ಅಳ್ತಾಳ್ರೀ. ಏನಿಲ್ಲ ಬಿಡವ್ವಾ ಅಂತೀನಿ. ಕೇಳಂಗಿಲ್ಲ."

ಅಜ್ಜಿ ಒಳಗಿನಿಂದಲೇ ಮಾತು ಸೇರಿಸಿದರು. "ಹಸುಗೂಸು ಇದ್ದಾಗ ಕಡ್ಲಿಹಿಟ್ಟು ಅರಿಷಿಣ ಹಚ್ಚಿ ತಿಕ್ಕು ಅಂತ ಬಡ್ಕೊಂಡೆ. ಸರಿಯಾಗಿ ತಿಕ್ಕಲಿಲ್ಲ ಇಕಿ. ಈಗ ಅನುಭವಿಸ್ರಿ."

ತಾಯಿ ತಲೆ ತಗ್ಗಿಸಿದರು. ಎಂಟು ವರ್ಷದಿಂದ ಆ ಮಾತನ್ನು ಕೇಳುತ್ತಿದ್ದಾರೆ ಅಂತ ಮುಖ ನೋಡಿದರೇ ತಿಳಿಯಿತು. ನಿಜ ಹೇಳಬೇಕೆಂದರೆ ಅವರ ತಪ್ಪು ಏನೂ ಇಲ್ಲ. ಕೂದಲಿನ ಬೇರು ಇರುವ ಗುಳಿಗಳೆಲ್ಲ ಮಗು ಹೊಟ್ಟೆಯಲ್ಲಿರುವಾಗಲೇ ತಯಾರಾಗಿಬಿಡುತ್ತವೆ. ಇಡೀ ಮೈಯಲ್ಲಿ ಸುಮಾರು 50 ಲಕ್ಷ. ಹುಟ್ಟಿದ ಮೇಲೆ ಹೊಸದು ಹುಟ್ಟುವುದಿಲ್ಲ, ಹಿಟ್ಟು ತಿಕ್ಕಿದರೆ ಇದ್ದದ್ದು ಹೋಗುವುದೂ ಇಲ್ಲ. ಹಸುಗೂಸಿನ ಮೈಮೇಲಿನ ನವಿರು ತಾನಾಗಿಯೇ ಉದುರುತ್ತದೆ. ಆ ಹೊತ್ತಿಗೆ ಮನೆಯವರು ಹಿಟ್ಟು ತಿಕ್ಕುತ್ತಿರುತ್ತಾರೆ, ಹಿಟ್ಟಿನಿಂದಲೇ ಹೋಯಿತು ಅಂದುಕೊಳ್ಳುತ್ತಾರೆ. ಆದರೆ ಆ ಸಂಜೆ ಅಜ್ಜಿಗೆ ಇದನ್ನೆಲ್ಲ ಹೇಳಲು ನನಗೆ ಧೈರ್ಯ ಬರಲಿಲ್ಲ.

ಮಾತಾಡುತ್ತಾ ಇನ್ನೊಂದು ಸಂಗತಿ ಹೊರಬಂತು. ಹಾಲಿನ ದಿನ ಮೊದಲನೆಯದಲ್ಲ. ಮೇ ತಿಂಗಳಲ್ಲಿ ಒಂದು ಮದುವೆಗೆ ಹೋಗಿದ್ದರು. ಅಲ್ಲಿ ತಾಯಿಯ ಅಣ್ಣ, ಅಂದರೆ ಕೂಸಿನ ಸೋದರಮಾವ, ಪ್ರೀತಿಯಿಂದಲೇ ಹತ್ತಿರ ಕರೆದು "ಏನ್ ಸೊಸಿ, ನಿಮ್ಮಪ್ಪಗಿಂತ ನಿನಗ ಮೀಸಿ ಜೋರ್ ಬಂದಾವಲ್ಲ!" ಅಂದರಂತೆ. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರಂತೆ. ಅಲ್ಲಿಯವರೆಗೆ ಅವಳಿಗೆ ತನ್ನ ತುಟಿ ಮೇಲೆ ಏನಿದೆ ಅನ್ನುವ ಯೋಚನೆಯೇ ಇರಲಿಲ್ಲ. ಆ ರಾತ್ರಿ ಮೊದಲ ಸಲ ಕನ್ನಡಿ ಬೇಡಿದಳಂತೆ.

ಅಣಕಿಸಿದ ಹುಡುಗನ ಜೊತೆಗೂ ಆಮೇಲೆ ಬೇರೆಯಾಗಿ ಕೂತು ಮಾತಾಡಿದೆ. ಅವನು ಕೆಟ್ಟವನೇನಲ್ಲ. ಅವನ ಮನೆಯಲ್ಲೂ ದೊಡ್ಡವರು ಇಂಥ ಮಾತಾಡುತ್ತಾರೆ, ನಗು ಬರುತ್ತದೆ, ಅವನು ಕಲಿತಿದ್ದಾನೆ. ಮಕ್ಕಳ ಬಾಯಿಗೆ ಆ ಮಾತು ಬರುವ ಮೊದಲು ಅದು ನಮ್ಮ ಬಾಯಿಂದ ಹೊರಟಿರುತ್ತದೆ. 2024ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದಲ್ಲಿ ಹತ್ತನೇ ತರಗತಿ ಪರೀಕ್ಷೆಗೆ ಇಡೀ ರಾಜ್ಯಕ್ಕೆ ಮೊದಲು ಬಂದ ಹುಡುಗಿಯ ಫೋಟೊ ಹಾಕಿಕೊಂಡು, ಅವಳ ಅಂಕ ಬಿಟ್ಟು ಮೀಸೆ ಬಗ್ಗೆ ಆಡಿಕೊಂಡವರಲ್ಲಿ ದೊಡ್ಡವರು ಎಷ್ಟು ಜನ ಇದ್ದರು! 600ಕ್ಕೆ 591 ಅಂಕ ತೆಗೆದ ಮಗುವಿಗೇ ಹೀಗಾದರೆ ಮೂರನೇ ತರಗತಿಯ ಕೂಸು ಯಾವ ಲೆಕ್ಕ? ಈ ಹೊಟ್ಟೆ ಉರಿ ನನಗೆ ಇವತ್ತಿಗೂ ಹೋಗಿಲ್ಲ.

ಹಿಮ್ಮಡಿ ಉಜ್ಜುವ ಕಲ್ಲು

ದಸರಾ ರಜೆ ಮುಗಿಸಿ ಬಂದಾಗ ಅವಳ ಮೇಲ್ತುಟಿ ಕೆಂಪಾಗಿ ಹಕ್ಕಳೆ ಕಟ್ಟಿತ್ತು. ಬಚ್ಚಲಲ್ಲಿ ಹಿಮ್ಮಡಿ ಉಜ್ಜಲು ಇಟ್ಟ ಕಲ್ಲಿನಿಂದ ತುಟಿ ಮೇಲೆ ಉಜ್ಜಿಕೊಂಡಿದ್ದಳು. ಒಂದು ದಿನವಲ್ಲ, ನಾಲ್ಕು ದಿನ. ತಾಯಿ ಮೆಡಿಕಲ್ ಅಂಗಡಿಗೆ ಹೋಗಿ ಕೇಳಿದ್ದಾರೆ, ಅವರೊಂದು ಟ್ಯೂಬ್ ಕೊಟ್ಟಿದ್ದಾರೆ. ಗಾಯ ಮಾಯುತ್ತಾ ಬಂದಂತೆ ಆ ಜಾಗ ಮೊದಲಿಗಿಂತ ಕಪ್ಪಾಯಿತು. ನಮ್ಮ ಬಣ್ಣದ ಚರ್ಮಕ್ಕೆ ಇದೇ ಗುಣ. ಸುಟ್ಟರೆ, ಉಜ್ಜಿದರೆ, ಕೆರೆದರೆ, ಗಾಯ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೂದಲು ಹೋಗಲೆಂದು ಉಜ್ಜಿಕೊಂಡ ಕೂಸಿಗೆ ಈಗ ದೂರದಿಂದಲೂ ಮೀಸೆ ಇದ್ದಂತೆ ಕಾಣತೊಡಗಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂಟು ವರ್ಷದ ಮಗು ತನ್ನ ಮುಖವನ್ನೇ ಕಲ್ಲಿನಿಂದ ತಿಕ್ಕಿಕೊಂಡಿದೆ ಅಂದರೆ ಇದು "ಮಕ್ಕಳಾಟಿಕೆ, ಹೋಗುತ್ತೆ ಬಿಡಿ" ಅನ್ನುವ ಮಾತಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಕೂದಲು ಹೋಗಿಬಿಡುತ್ತದೆ ಅಂತ ಮಾತ್ರ ಮಗುವಿಗೆ ಮಾತು ಕೊಡಬೇಡಿ ಅಂದರು. ಆ ಎರಡನೇ ಸಲಹೆ ನನಗೆ ಬಹಳ ಉಪಯೋಗಕ್ಕೆ ಬಂತು. ನಾನು ಅದೇ ಮಾತು ಕೊಡುವವಳಿದ್ದೆ.

ವೈದ್ಯರು ಕೇಳಿದ ಪ್ರಶ್ನೆಗಳು

ಪ್ರತಿ ವರ್ಷ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಆರ್‌ಬಿಎಸ್‌ಕೆ ತಂಡ ಬರುತ್ತದೆ. ಅಲ್ಲಿಯವರೆಗೆ ಕಾಯುವುದು ಬೇಡ ಅನ್ನಿಸಿತು. ನವೆಂಬರ್‌ನಲ್ಲಿ ಒಂದು ಸೋಮವಾರ ತಾಯಿ ಕೂಲಿ ಬಿಟ್ಟು ಬಂದರು. ಮೂವರೂ ಗಂಗಾವತಿಗೆ ಬಸ್ ಹತ್ತಿದೆವು.

ವೈದ್ಯರು ತುಟಿಯನ್ನು ಒಂದು ನಿಮಿಷ ನೋಡಿದರು. ಪ್ರಶ್ನೆ ಕೇಳಿದ್ದು ಇಪ್ಪತ್ತು ನಿಮಿಷ. ಈ ಕೂದಲು ಹುಟ್ಟಿದಾಗಿನಿಂದ ನಿಧಾನವಾಗಿ ಬಂದದ್ದೋ, ಕೆಲವು ತಿಂಗಳಲ್ಲಿ ಇದ್ದಕ್ಕಿದ್ದಂತೆ ಬಂದದ್ದೋ? ಕಂಕುಳಲ್ಲಿ, ಕೆಳಗೆ ಕೂದಲು ಬಂದಿದೆಯಾ? ಬೆವರಿನ ವಾಸನೆ ದೊಡ್ಡವರ ಹಾಗೆ ಬರುತ್ತದಾ? ಮೊಡವೆ? ದನಿ ಒಡೆದಿದೆಯಾ? ಒಂದೇ ವರ್ಷದಲ್ಲಿ ಬಟ್ಟೆಯೆಲ್ಲ ಗಿಡ್ಡ ಆಗುವಷ್ಟು ಎತ್ತರ ಬೆಳೆದಳಾ? ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಾಳಾ? ಮನೆಯಲ್ಲಿ ಯಾರಾದರೂ ತಲೆಗೂದಲು ಬೆಳೆಯುವ ಮಿನಾಕ್ಸಿಡಿಲ್ ಹಚ್ಚಿಕೊಳ್ಳುತ್ತಾರಾ? ಮುಖಕ್ಕೆ ಏನು ಹಚ್ಚುತ್ತೀರಿ?

ಒಂದೊಂದು ಪ್ರಶ್ನೆಗೂ ಕಾರಣ ಇದೆ ಅಂತ ಆಮೇಲೆ ಬಿಡಿಸಿ ಹೇಳಿದರು. ಮಕ್ಕಳ ಮೈಮೇಲೆ ಇರುವುದು ತೆಳುವಾದ ನವಿರು ಕೂದಲು. ಕೆಲವು ಮನೆತನಗಳಲ್ಲಿ ಅದೇ ಸ್ವಲ್ಪ ಉದ್ದ, ಸ್ವಲ್ಪ ಕಪ್ಪು. ಅದು ರೋಗ ಅಲ್ಲ. ಗಂಡಸರ ಗಡ್ಡ ಮೀಸೆಯಂಥ ದಪ್ಪ, ಬಿರುಸು ಕೂದಲು ಬೆಳೆಯುವುದು ಆಂಡ್ರೊಜನ್ ಅನ್ನುವ ಹಾರ್ಮೋನಿನಿಂದ. ಸಣ್ಣ ಮಗುವಿನಲ್ಲಿ ಅದು ಕಾಣಿಸಿಕೊಂಡರೆ, ಜೊತೆಗೆ ಕಂಕುಳ ಕೂದಲು, ಮೊಡವೆ, ದನಿ ದಪ್ಪ ಆಗುವುದು, ಸರಸರ ಎತ್ತರ ಆಗುವುದು ಇದ್ದರೆ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ತೊಂದರೆ ಇರಬಹುದು. ಆಗ ರಕ್ತ ಪರೀಕ್ಷೆ ಬೇಕು, ಎಲುಬಿನ ವಯಸ್ಸು ತಿಳಿಯಲು ಎಡಗೈ ಮಣಿಕಟ್ಟಿನ ಎಕ್ಸ್‌ರೇ ಬೇಕು. ಹೆಣ್ಣುಮಗುವಿಗೆ 8 ವರ್ಷ ತುಂಬುವ ಮೊದಲೇ ಎದೆ ಬೆಳೆಯಲು ಶುರುವಾದರೆ ಅಥವಾ ಕೆಳಗೆ ಕೂದಲು ಬಂದರೆ ತಡ ಮಾಡದೆ ತೋರಿಸಬೇಕು. ಕೆಲವು ಔಷಧಗಳೂ ಮೈತುಂಬ ಕೂದಲು ತರುತ್ತವೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಅದರಲ್ಲಿ ಒಂದು.

ಈ ಕೂಸಿಗೆ ಅದ್ಯಾವುದೂ ಇರಲಿಲ್ಲ. ಎತ್ತರ, ತೂಕ ಅಳೆದು ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಿದರು. ಎಲ್ಲ ಸರಿಯಿತ್ತು. ಆಮೇಲೆ ತಾಯಿಗೆ ಸೆರಗು ಸರಿಸಿ ಮುಂಗೈ ತೋರಿಸಿ ಅಂದರು. ಮಗಳ ಮುಂಗೈಯನ್ನು ಪಕ್ಕಕ್ಕೆ ಹಿಡಿದರು. ಒಂದೇ ಥರ. "ಇದು ನಿಮ್ಮ ಮನೆ ಆಸ್ತಿ. ಪರೀಕ್ಷೆ ಏನೂ ಬೇಡ. ಆರು ತಿಂಗಳಿಗೆ ಒಮ್ಮೆ ಎತ್ತರ ತೋರಿಸಿಕೊಂಡು ಹೋಗಿ" ಅಂದರು. ಪಕ್ಕದ ಮನೆಯವರು ಪಿಸಿಒಡಿ, ಅಂದರೆ ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ, ಇರಬೇಕು ಅಂದಿದ್ದರಂತೆ, ತಾಯಿ ಅದನ್ನೂ ಕೇಳಿದರು. ಅದು ಮುಟ್ಟು ಶುರುವಾದ ಮೇಲಿನ ವಯಸ್ಸಿನ ಮಾತು, ಈ ಮಗುವಿಗೆ ಸಂಬಂಧ ಇಲ್ಲ ಅಂದರು.

ಅಂಗಡಿಯವರು ಕೊಟ್ಟ ಟ್ಯೂಬ್ ನೋಡಿದಾಗ ಮಾತ್ರ ಅವರ ದನಿ ಬದಲಾಯಿತು. ಅದರಲ್ಲಿ ಸ್ಟಿರಾಯ್ಡ್ ಇತ್ತು. ಇಂಥ ಮುಲಾಮನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ, ಹಚ್ಚಿದ ಜಾಗದಲ್ಲೇ ಕೂದಲು ಹೆಚ್ಚುತ್ತದೆ. ಬೆಳ್ಳಗಾಗಲು ಅಂತ ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳು ಇಂಥ ಟ್ಯೂಬ್ ಹಚ್ಚುತ್ತಾರೆ! ಚೀಟಿ ಇಲ್ಲದೆ ಯಾರೇ ಕೊಟ್ಟರೂ ಮಕ್ಕಳ ಮುಖಕ್ಕೆ ಹಚ್ಚಬೇಡಿ. ತಾಯಿ ಹಚ್ಚಿದ್ದು ಎಂಟೇ ದಿನ. ಅಲ್ಲಿಗೇ ನಿಲ್ಲಿಸಿದರು. ಬರೀ ವ್ಯಾಸಲೀನ್ ಹಚ್ಚಿ, ಬಿಸಿಲಿಗೆ ಮುಖ ಮುಚ್ಚಿಕೊಳ್ಳಿ, ಕಲೆ ತಾನಾಗಿ ತಿಳಿಯಾಗುತ್ತದೆ ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ತಾಯಿ ಕಿಟಕಿ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. "ನಾ ತಿಕ್ಕದಿದ್ದಕ್ಕ ಅಲ್ಲಂತಲ್ರೀ ಅಕ್ಕೋರ" ಅಂದರು.

"ನಿಮಗ ಯಾಕಿಲ್ರೀ?"

ವೈದ್ಯರು ಹೇಳಿದ್ದು ನಮಗೆ ಸಮಾಧಾನ ತಂದಿತ್ತು. ಕೂಸಿಗೆ ತರಲಿಲ್ಲ. ರೋಗ ಇಲ್ಲ ಅಂದರೆ ಅವಳಿಗೇನು, ಕೂದಲು ಅಲ್ಲೇ ಇದೆ ಅಲ್ವಾ?

ಒಂದು ಮಧ್ಯಾಹ್ನ ಮಕ್ಕಳೆಲ್ಲ ಆಟಕ್ಕೆ ಹೋದಾಗ ಅವಳು ಬೇವಿನ ಮರದ ಕಟ್ಟೆ ಮೇಲೆ ಕೂತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅಷ್ಟು ದಿನ ನಾನೂ, ಅವಳ ಅವ್ವನೂ "ಏನಿಲ್ಲ ಬಿಡು" ಅಂತಲೇ ಹೇಳುತ್ತಿದ್ದೆವು. ಅವತ್ತು ಬೇರೆ ಮಾತಾಡಿದೆ.

"ನಿನ್ನ ತುಟಿ ಮ್ಯಾಲೆ ಕೂದ್ಲ ಅದಾವ. ನಾನೂ ನೋಡೀನಿ."

ಅವಳು ತಟ್ಟನೆ ನನ್ನ ಕಡೆ ನೋಡಿದಳು. ಸ್ವಲ್ಪ ಹೊತ್ತಿಗೆ ಕೈ ಕೆಳಗಿಳಿಯಿತು. "ಎಲ್ಲಾರೂ ಇಲ್ಲ ಅಂತಾರ್ರೀ. ನಂಗ ಕಾಣ್ತಾವ" ಅಂದಳು.

ಇಡೀ ಪ್ರಕರಣದಲ್ಲಿ ನಾನು ಕಲಿತದ್ದು ಈ ಒಂದು ಮಾತಿನಿಂದ. ಇಲ್ಲ ಇಲ್ಲ ಅಂತ ನಾವು ಹೇಳುತ್ತಾ ಹೋದಷ್ಟೂ ಅವಳು ಒಂಟಿಯಾಗುತ್ತಿದ್ದಳು. ಕನ್ನಡಿಯಲ್ಲಿ ಒಂದು ಕಾಣುತ್ತದೆ, ಪ್ರೀತಿಸುವವರು ಇನ್ನೊಂದು ಹೇಳುತ್ತಾರೆ. ಮಗು ಯಾರನ್ನು ನಂಬಬೇಕು? ಅಣಕಿಸಿದವನೊಬ್ಬನೇ ನಿಜ ಹೇಳುತ್ತಿದ್ದಾನೆ ಅಂತ ಅವಳಿಗೆ ಅನ್ನಿಸಿರಬೇಕು.

ಆಮೇಲೆ ಅವಳು ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. "ಟೀಚರ್, ನಿಮಗ ಯಾಕಿಲ್ರೀ?"

ನಾನು ತಿಂಗಳಿಗೊಮ್ಮೆ ಗಂಗಾವತಿಯ ಪಾರ್ಲರ್‌ಗೆ ಹೋಗಿ ದಾರದಿಂದ ತೆಗೆಸುತ್ತೇನೆ. ಹದಿನೈದು ವರ್ಷದಿಂದ. ಸುಳ್ಳು ಹೇಳಬಾರದು ಅನ್ನಿಸಿತು. "ನನಗೂ ಅದಾವ. ದಾರ ಹಚ್ಚಿ ತೆಗಿಸ್ತೀನಿ" ಅಂದೆ.

"ಯಾಕ್ರೀ?"

ಎದೆ ಧಸಕ್ ಅಂದಿತು. ಯಾಕೆ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. "ನಾನು ಏಳನೇತ್ತೆ ಇದ್ದಾಗ ನನಗೂ ಒಬ್ರು ಅಂದಿದ್ರು. ಅವತ್ತಿಂದ" ಅಂದೆ. ಅವಳು ಏನೂ ಹೇಳಲಿಲ್ಲ. ಸರಿದು ಸ್ವಲ್ಪ ಹತ್ತಿರ ಕೂತಳು.

ಆ ತಿಂಗಳು ನಾನು ಪಾರ್ಲರ್‌ಗೆ ಹೋಗಲಿಲ್ಲ. ಮುಂದಿನ ತಿಂಗಳೂ ಹೋಗಲಿಲ್ಲ. ಅವಳಿಗೆ ಅದನ್ನು ಹೇಳಲಿಲ್ಲ. ಅವಳು ನೋಡಿದಳು.

ಡಿಸೆಂಬರ್, ಮತ್ತೆ ಹಿಂದಕ್ಕೆ

ಇನ್ನೇನು ಸರಿಯಾಯಿತು ಅಂದುಕೊಳ್ಳುವಾಗ ಡಿಸೆಂಬರ್ ಬಂತು. ಹನುಮಮಾಲೆ ಹಾಕಿದವರು ಸಾವಿರ ಸಾವಿರ ಸಂಖ್ಯೆಯಲ್ಲಿ ಆನೆಗೊಂದಿ ದಾರಿ ಹಿಡಿದು ಅಂಜನಾದ್ರಿಗೆ ಬರುವ ಕಾಲ. 575 ಮೆಟ್ಟಿಲು ಹತ್ತುವ ಕೇಸರಿ ಸಾಲನ್ನು ನೋಡಿ ನಮ್ಮ ಮಕ್ಕಳಿಗೂ ಹುರುಪು. ಕೆನ್ನೆ ಉಬ್ಬಿಸಿ, ಬಾಲ ಕಟ್ಟಿಕೊಂಡು ಆಟ. ಆ ಆಟದಲ್ಲಿ ಯಾರೋ ಇವಳಿಗೆ "ಹನುಮವ್ವ" ಅಂತ ಹೆಸರಿಟ್ಟರು.

ಹನುಮವ್ವ ಅನ್ನುವುದು ನಮ್ಮ ಭಾಗದಲ್ಲಿ ಮನೆಮನೆಯಲ್ಲಿ ಇರುವ ಹೆಸರು. ನಮ್ಮ ಶಾಲೆಯ ತಾಯಂದಿರಲ್ಲೇ ಆ ಹೆಸರಿನವರು ಇದ್ದಾರೆ. ದೇವರ ಹೆಸರು, ಅಜ್ಜಿಯರ ಹೆಸರು. ಅದೇ ಈ ಕೂಸಿಗೆ ಬೈಗುಳ ಆಯಿತು. ಎರಡು ದಿನ ಶಾಲೆಗೆ ಬರಲಿಲ್ಲ. ಮತ್ತೆ ಗೆರೆ ಹಾಕಿ ಎಣಿಸಿದೆ. 19.

ಈ ಸಲ ನಾನು ಯಾರನ್ನೂ ಬೈಯಲಿಲ್ಲ. ಹೆಸರಿಟ್ಟ ಇಬ್ಬರನ್ನು ಬೇರೆ ಬೇರೆಯಾಗಿ ಕರೆದು, ಅವಳು ಎರಡು ದಿನ ಯಾಕೆ ಬಂದಿಲ್ಲ ಗೊತ್ತಾ ಅಂತ ಮಾತ್ರ ಕೇಳಿದೆ. ಒಬ್ಬ ಅತ್ತ. ಇನ್ನೊಬ್ಬ ಅಳಲಿಲ್ಲ, ಆದರೆ ಮತ್ತೆ ಅನ್ನಲೂ ಇಲ್ಲ.

ಜನವರಿಯಲ್ಲಿ ಮೂರನೇ ತರಗತಿಗೆ ನಮ್ಮ ದೇಹದ ಪಾಠ ಮಾಡುವಾಗ ಭೂತಗನ್ನಡಿಗಳನ್ನು ತಂದೆ. ನಾಲ್ಕೇ ಇದ್ದವು, ಸರದಿ ಹಾಕಿದೆ. ಮೊದಲು ಅವರವರ ಮುಂಗೈ ನೋಡಿಕೊಳ್ಳಲಿ. ಆಮೇಲೆ ಮೈಮೇಲೆ ಕೂದಲೇ ಇಲ್ಲದ ಜಾಗ ಹುಡುಕಲಿ. ಇಡೀ ಮಧ್ಯಾಹ್ನ ಗದ್ದಲವೋ ಗದ್ದಲ. ಅಂಗೈ, ಅಂಗಾಲು, ತುಟಿಯ ಕೆಂಪು ಭಾಗ, ಇಷ್ಟೇ ಸಿಕ್ಕವು. ಕಿವಿ ಮೇಲೆ ಕೂದಲು, ಹೊಟ್ಟೆ ಮೇಲೆ ಕೂದಲು, ಮೂಗಿನ ತುದಿಯಲ್ಲೂ ನವಿರು. ಒಬ್ಬಳು ಬಂದು ನನ್ನ ಮುಖಕ್ಕೇ ಭೂತಗನ್ನಡಿ ಹಿಡಿದಳು. "ಟೀಚರ್‌ಗೂ ಮ್ಯಾಲ್ತುಟಿಗೆ ಅದಾವ!" ಅಂದಳು. "ಹೂಂ, ಅದಾವ. ಎಷ್ಟು ಉದ್ದ ಅದಾವ ನೋಡಿ ಬರಿ" ಅಂದೆ. ಬರೆದುಕೊಂಡಳು. ನಮ್ಮ ಕೂಸು ಆ ಕಡೆಯಿಂದ ನೋಡುತ್ತಿದ್ದಳು. ಅವಳ ಹೆಸರನ್ನು ಆ ದಿನ ನಾನು ಒಂದು ಸಲವೂ ತೆಗೆಯಲಿಲ್ಲ.

ಉತ್ತರ ಕೊಡುವುದನ್ನೂ ಕಲಿಸಬೇಕಿತ್ತು. ಯಾರಾದರೂ ಅಂದರೆ ಏನು ಹೇಳುತ್ತೀ ಅಂತ ಅವ್ವ, ಮಗಳು, ನಾನು ಕೂತು ಆಡಿ ನೋಡಿದೆವು. ನಾನು ಹೇಳಿಕೊಟ್ಟ "ಪ್ರತಿಯೊಬ್ಬರ ದೇಹವೂ ಬೇರೆ ಬೇರೆ" ಅನ್ನುವ ವಾಕ್ಯ ಅವಳ ಬಾಯಲ್ಲಿ ಪಾಠ ಒಪ್ಪಿಸಿದ ಹಾಗೆ ಬಂತು. ಅವ್ವ "ಸುಮ್ನಿರು, ಬ್ಯಾಡ ಅನ್ನು" ಅಂದರು, ಅದನ್ನು ಹೇಳುವಾಗ ದನಿಯೇ ಏಳಲಿಲ್ಲ. ಕೊನೆಗೆ ಕೂಸು ತಾನೇ ಕಟ್ಟಿಕೊಂಡಳು. "ಹೂಂ ಅದಾವ. ನಮ್ಮವ್ವಗೂ ಅದಾವ. ಅದಕ್ಕೇನೀಗ?" ಆ "ಏನೀಗ" ಅನ್ನುವಾಗ ಗದ್ದ ಮೇಲೆತ್ತುತ್ತಾಳೆ. ಅದನ್ನು ಯಾರೂ ಕಲಿಸಿಲ್ಲ.

ಸೋದರಮಾವನಿಗೆ ತಾಯಿ ಫೋನ್ ಮಾಡಿ, ಇನ್ನು ಆ ಮಾತು ಬೇಡ ಅಂದರಂತೆ. ತಂಗಿ ಅಣ್ಣನಿಗೆ ಹೀಗೆ ಹೇಳುವುದು ಆ ಮನೆಯಲ್ಲಿ ಸಣ್ಣ ಸಂಗತಿಯಲ್ಲ.

ತೆಗೆಯಬೇಕೋ ಬೇಡವೋ

ಇದು ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ. ನನ್ನ ಅಭಿಪ್ರಾಯ ಹೇಳುತ್ತೇನೆ. ಮಗು ಅಳುತ್ತಿರುವಾಗ, ಅಣಕಿಸಿದ ಮರುದಿನವೇ, ತೆಗೆಸಬಾರದು. ಆಗ ತೆಗೆಸಿದರೆ ಅಣಕಿಸಿದವರೇ ಸರಿ ಅಂತ ನಾವೂ ಒಪ್ಪಿದ ಹಾಗೆ. ಹಾಗಂತ "ದೇವರು ಕೊಟ್ಟದ್ದು, ಮುಟ್ಟಬೇಡ" ಅಂತ ಹಟ ಹಿಡಿಯುವುದೂ ಸರಿಯಲ್ಲ. ಮನಸ್ಸು ತಣ್ಣಗಾದ ಮೇಲೂ ಮಗು ತಾನಾಗಿ ಬೇಕು ಅಂದರೆ, ನೋವಿಲ್ಲದ ದಾರಿ ಹುಡುಕಿ ಕೊಡಬೇಕು. ಈ ಮನೆಯಲ್ಲಿ ಬೇಸಿಗೆ ರಜೆಯವರೆಗೆ ಕಾಯೋಣ, ಆಗಲೂ ಬೇಕು ಅಂದರೆ ಮಾಡೋಣ ಅಂತ ಕೂಸಿನ ಜೊತೆಯೇ ಮಾತಾಯಿತು.

ಏನು ಮಾಡಬಹುದು ಅಂತ ವೈದ್ಯರನ್ನೇ ಕೇಳಿದ್ದೆವು. ದಾರ ಹಚ್ಚುವುದು, ವ್ಯಾಕ್ಸ್ ಎರಡೂ ಸಣ್ಣ ಮಕ್ಕಳಿಗೆ ನೋವು, ಗುಳ್ಳೆ ಏಳಬಹುದು. ಕೂದಲು ತೆಗೆಯುವ ಕ್ರೀಮ್ ಮಕ್ಕಳ ಮುಖ ಸುಡಬಹುದು. ಬ್ಲೀಚ್ ಉರಿಯುತ್ತದೆ, ಬಂಗಾರದ ಬಣ್ಣಕ್ಕೆ ತಿರುಗಿದ ಕೂದಲು ಕಂದು ಮುಖದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಲೇಸರ್ ಈ ವಯಸ್ಸಿಗಲ್ಲ. ದೊಡ್ಡವಳಾಗುವಾಗ ಹಾರ್ಮೋನಿನಿಂದ ಮತ್ತೆ ಬೆಳೆಯುತ್ತದೆ. ಇದ್ದದ್ದರಲ್ಲಿ ಸುಲಭ, ಮುಖಕ್ಕೆಂದೇ ಬರುವ ಸಣ್ಣ ಬ್ಯಾಟರಿ ಟ್ರಿಮ್ಮರ್. ಚರ್ಮಕ್ಕೆ ತಾಗದ ಹಾಗೆ ಕೂದಲನ್ನು ಗಿಡ್ಡ ಮಾಡುತ್ತದೆ.

ಕತ್ತರಿಸಿದರೆ ದಪ್ಪಗೆ ಬರುತ್ತದೆ ಅಂತ ಅಜ್ಜಿ ತಡೆದರು. ಅಜ್ಜಿ ಒಬ್ಬರೇ ಅಲ್ಲ, ಓದಿದವರೂ ಹೀಗೇ ನಂಬಿದ್ದಾರೆ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಅನ್ನುವ ವಿಜ್ಞಾನಿ 1928ರಲ್ಲೇ ಇದನ್ನು ಅಳೆದು ನೋಡಿ, ಕ್ಷೌರದಿಂದ ಕೂದಲು ದಪ್ಪವೂ ಆಗುವುದಿಲ್ಲ, ಬೇಗವೂ ಬೆಳೆಯುವುದಿಲ್ಲ ಅಂತ ತೋರಿಸಿದರು. ಬೆಳೆಯುವುದು ಚರ್ಮದ ಒಳಗಿನ ಬೇರಿನಿಂದ. ಮೇಲೆ ಕತ್ತರಿಸಿದ್ದು ಬೇರಿಗೆ ತಿಳಿಯುವುದೇ ಇಲ್ಲ. ಚೂಪಾಗಿದ್ದ ತುದಿ ಮೊಂಡಾಗುತ್ತದೆ, ಅದಕ್ಕೆ ಕೈಗೆ ಬಿರುಸು ಅನ್ನಿಸುತ್ತದೆ. ಅಜ್ಜಿಗೆ ನಾನು ಭತ್ತದ ಕೂಳೆ ತೋರಿಸಿದೆ. ಕುಯ್ದ ಗದ್ದೆಯಲ್ಲಿ ಬರಿಗಾಲಲ್ಲಿ ನಡೆದರೆ ಚುಚ್ಚುತ್ತದೆ. ಹಾಗಂತ ಭತ್ತ ದಪ್ಪ ಆಗಿದೆಯಾ? ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಅದೂ ಖರೇನ ಬಿಡು" ಅಂದರು. ಅದೇ ಮಾತಿನ ಬೆನ್ನಿಗೆ ಹಿಟ್ಟು ತಿಕ್ಕುವ ಸಂಗತಿಯನ್ನೂ ಹೇಳಿದೆ. ಅದಕ್ಕೆ ಅವರು ಒಪ್ಪಲಿಲ್ಲ. ಆದರೆ ಸೊಸೆಯನ್ನು ಆಡುವುದು ಕಡಿಮೆ ಆಗಿದೆಯಂತೆ.

ಏಪ್ರಿಲ್‌ನಲ್ಲಿ ರಜೆ ಬಂತು. ಕೂಸು ಬೇಕು ಅಂದಳು. ಅವ್ವ ಮನೆಯಲ್ಲೇ ಒಂದು ಸಲ ಟ್ರಿಮ್ಮರ್ ಹಿಡಿದರು. ಮೇ ತಿಂಗಳಲ್ಲಿ ಇನ್ನೊಂದು ಮದುವೆಗೆ ಹೋಗುವ ಮೊದಲು ಮತ್ತೊಂದು ಸಲ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಕೇಳಿದರೆ "ಈಗ ಬ್ಯಾಡ, ಹೊತ್ತಾಕ್ಕೈತಿ" ಅಂದಳಂತೆ. ಟ್ರಿಮ್ಮರ್ ಗೂಡಿನಲ್ಲಿದೆ. ಬೇಕಾದರೆ ಕೇಳುತ್ತಾಳೆ.

ಈಗ

ಅವಳು ನಾಲ್ಕನೇ ತರಗತಿಗೆ ಹೋಗಿದ್ದಾಳೆ. ನನ್ನ ಕೋಣೆಯಲ್ಲಿ ಇಲ್ಲ. ಹಾಲು ಕುಡಿಯುತ್ತಾಳೆ. ಊಟಕ್ಕೆ ಗೋಡೆ ಕಡೆ ತಿರುಗುವುದಿಲ್ಲ. ತುಟಿ ಮೇಲಿನ ಕಲೆ ಪೂರ್ತಿ ಹೋಗಿಲ್ಲ, ತಿಳಿಯಾಗಿದೆ. ಆರು ತಿಂಗಳಿಗೊಮ್ಮೆ ಎತ್ತರ ತೋರಿಸುವುದನ್ನು ತಾಯಿ ತಪ್ಪಿಸಿಲ್ಲ. ಇನ್ನೆರಡು ಮೂರು ವರ್ಷದಲ್ಲಿ ಮೈ ಬದಲಾಗುವ ಕಾಲ ಬರುತ್ತದೆ, ಆಗ ಕೂದಲು ಹೆಚ್ಚಾದರೂ ಆಗಬಹುದು. ಹತ್ತು ವರ್ಷ ದಾಟಿದ ಮಕ್ಕಳಿಗೆ ಸರಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ಇಂಥದ್ದನ್ನೆಲ್ಲ ಕೇಳಬಹುದು ಅಂತ ತಾಯಿಗೆ ಬರೆದು ಕೊಟ್ಟಿದ್ದೇನೆ.

ನಾನು ಫೆಬ್ರವರಿಯಿಂದ ಮತ್ತೆ ಪಾರ್ಲರ್‌ಗೆ ಹೋಗುತ್ತಿದ್ದೇನೆ, ಪ್ರತಿ ತಿಂಗಳೂ ಅಲ್ಲ. ಅವಳು ಕೇಳಿದರೆ ಹೇಳುತ್ತೇನೆ.

ಹೊಸಬರು ಬಂದರೆ ಅವಳ ಕೈ ಇನ್ನೂ ಏಳುತ್ತದೆ. ಮೊನ್ನೆ ಗಂಗಾವತಿಯಿಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಓದು ಪರೀಕ್ಷಿಸಲು ಬಂದಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳ ಸರದಿ ಬಂತು, ಎದ್ದು ನಿಂತಳು, ಓದಲು ಶುರು ಮಾಡಿದಳು. ಎಡಗೈ ಮೆಲ್ಲಗೆ ಮೇಲೆ ಬಂತು. ಗದ್ದದವರೆಗೆ ಬಂದು ಅಲ್ಲೇ ನಿಂತಿತು. ಅಷ್ಟರಲ್ಲಿ ಪುಟ ಮುಗಿಯಿತು, ತಿರುವಲು ಆ ಕೈ ಬೇಕಾಯಿತು. ಕೆಳಗಿಳಿದ ಕೈ ಪುಸ್ತಕದ ಮೇಲೆಯೇ ಉಳಿಯಿತು, ಪಾಠ ಮುಗಿಯುವವರೆಗೆ.